ನನ್ನ ಮಗಳ ಹೆಸರು

ನಿಮ್ಮ ಮನೆತನದಲ್ಲೂ ಒಬ್ಬ ಗುಂಡನೋ ತಿಪ್ಪಮ್ಮನೋ ಇದ್ದಿರಬೇಕು, ಅಲ್ಲವೇ? ಹುಟ್ಟಿದ ಮಕ್ಕಳು ಉಳಿಯದಿದ್ದ ಕಾಲದಲ್ಲಿ ದೃಷ್ಟಿ ತಾಗದಿರಲೆಂದು ಇಟ್ಟ ಹೆಸರುಗಳು ಅವು. ಸಾಲಾಗಿ ಹೆಣ್ಣೇ ಹುಟ್ಟಿದರೆ ಇಡುತ್ತಿದ್ದ ಹೆಸರು ಇನ್ನೊಂದುಂಟು: ಸಾಕಮ್ಮ. ದೇವರೇ, ಇನ್ನು ಹೆಣ್ಣು ಸಾಕು ಎಂದು.

2019ರಲ್ಲಿ ನನಗೆ ಮೂರನೆಯ ಮಗಳು ಹುಟ್ಟಿದಾಗ ಬಸವೇಶ್ವರನಗರದ ನಮ್ಮ ಮನೆಯಲ್ಲೂ ಇದೇ ಆಯಿತು. ಅತ್ತೆಯವರು ಹೇಳಿದರು, ನಮ್ಮ ಯಜಮಾನರು ಅರ್ಜಿಯಲ್ಲಿ ಬರೆದರು. ಹಸಿ ಬಾಣಂತಿಯಾದ ನನಗೆ ಎದುರಾಡುವ ತ್ರಾಣವಿರಲಿಲ್ಲ. ‘ಪುಟ್ಟಿ’ ಎಂದು ಕರೆದುಕೊಂಡೇ ದಿನ ಕಳೆದೆ.

ಒಂದನೇ ತರಗತಿಗೆ ಸೇರಿಸಿದ ಮೇಲೆ, ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತಳು. “ಅಮ್ಮಾ, ನಾನು ಯಾರಿಗೆ ಸಾಕಾಗಿದ್ದೆ?” ಎಂದಳು. ನೀವೇ ಹೇಳಿ, ಏನೆಂದು ಉತ್ತರ ಕೊಡಲಿ? ಕಾವಲಿಯ ಮೇಲಿದ್ದ ಚಪಾತಿ ಸೀದುಹೋಯಿತು.

ಮಾರನೆಯ ದಿನವೇ ಜನನ ನೋಂದಣಿ ಕಚೇರಿಗೆ ಹೋದೆ. “ಅಕ್ಷರ ತಪ್ಪಿದ್ರೆ ತಿದ್ದಬಹುದಮ್ಮ, ಹೆಸರನ್ನೇ ಬದಲಾಯಿಸೋಕೆ ಕಾನೂನಿನಲ್ಲಿ ಇಲ್ಲ” ಎಂದರು. ಆ ಮಾತು ಪೂರ್ತಿ ಸುಳ್ಳಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ 15ನೇ ಕಲಮು ಹೇಳುವುದು ತಪ್ಪು ನಮೂದನ್ನು ತಿದ್ದುವ ವಿಷಯ. ಆದರೆ ನಮ್ಮ ಬೀದಿಯ ವಕೀಲೆಯೊಬ್ಬರು 2025ರ ಒಂದು ತೀರ್ಪು ತೋರಿಸಿದರು. ಉಡುಪಿಯ ಮಗುವೊಂದರ ವಿಷಯದಲ್ಲಿ ಕರ್ನಾಟಕ ಹೈಕೋರ್ಟು ಕೊಟ್ಟದ್ದು. ಕಾಯಿದೆಗೆ ತಿದ್ದುಪಡಿ ಆಗುವವರೆಗೆ, ತಂದೆತಾಯಿ ಅಫಿಡವಿಟ್ ಕೊಟ್ಟು ಕೇಳಿದರೆ, ಅವರ ಗುರುತು ಪರಿಶೀಲಿಸಿ ಹೊಸ ಹೆಸರು ದಾಖಲಿಸಬೇಕು. ಹಳೆಯದನ್ನು ಅಳಿಸದೆ, ಹೆಸರು ಬದಲಾಯಿತೆಂದು ದಾಖಲೆಯಲ್ಲಿ ಬರೆಯಬೇಕು.

ಸರಿ, ಇಬ್ಬರ ಸಹಿಯೂ ಬೇಕು. ಯಜಮಾನರು ಅವರಮ್ಮನ ಮುಖ ನೋಡಿದರು. ಅತ್ತೆ ಸಿಡುಕಿದರು: “ಕಾಫಿಪುಡಿ ಸಾಕಮ್ಮನ ಹೆಸರು ಕೇಳಿಲ್ವೇನೇ? ಬೆಂಗಳೂರಿಗೇ ಕಾಫಿ ಕುಡಿಸಿದೋಳು!”

ನಿಜವೇ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಾಫಿಪುಡಿಯ ವ್ಯಾಪಾರ ಕಟ್ಟಿ, ಮೈಸೂರು ಪ್ರಜಾಪ್ರತಿನಿಧಿ ಸಭೆಗೂ ಹೋದ ಮಹಾತಾಯಿ ಆಕೆ. ಸಾಕುವುದು ಎಂದರೆ ಸಲಹುವುದು ಎಂದೂ ಅರ್ಥವಿದೆ. ಹೆಸರಿನಲ್ಲಿ ದೋಷವಿಲ್ಲ.

“ಹಾಗಾದ್ರೆ ಅತ್ತೆ, ಸಾಕಿ ಸಲಹೋಳು ಅಂತ ಇಟ್ರಾ?” ಎಂದೆ.

ಅವರು ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ, “ನನ್ನ ಕಿರೀ ತಂಗೀನೂ ಸಾಕಮ್ಮನೇ. ಯಾರಾದ್ರೂ ಹೆಸರು ಕೇಳಿದ್ರೆ ತಲೆ ತಗ್ಗಿಸೋಳು” ಎಂದರು. ಆಮೇಲೆ ಮಗನನ್ನು ಕರೆದು, “ಸಹಿ ಹಾಕೋ” ಎಂದರು.

ಸೋದರಿಯರೇ, ನನ್ನ ಅನುಭವದಿಂದ ಎರಡು ಮಾತು. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಾಯಿಸಿ. ಆದರೆ ಹೆಸರಿಗೆ ಆತುರ ಬೇಡ. ಆ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು ಹೆಸರು ಸೇರಿಸಲು ಅವಕಾಶವಿದೆ. ಇಟ್ಟ ಹೆಸರನ್ನು ಬದಲಾಯಿಸುವುದೇ ಆದರೆ ಮಗು ಚಿಕ್ಕದಿರುವಾಗಲೇ ಮಾಡಿ. ಶಾಲೆಯ ದಾಖಲೆ, ಆಧಾರ್ ಎರಡನ್ನೂ ಜೊತೆಗೇ ಸರಿಪಡಿಸಿಕೊಳ್ಳಿ.

ಈಗ ಅವಳು ಸಿರಿ. ಹಳೆಯ ಹೆಸರೂ ದಾಖಲೆಯಲ್ಲಿ ಉಳಿದಿದೆ, ಇರಲಿ. ಅತ್ತೆ ಮರೆತು ಒಮ್ಮೊಮ್ಮೆ “ಸಾಕೂ” ಎನ್ನುತ್ತಾರೆ. ಥಟ್ಟನೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಸಿರಿ ಮಾತ್ರ ಅಡುಗೆಮನೆಯಿಂದಲೇ ಓಗೊಟ್ಟು, ಅಜ್ಜಿಯ ಮಾತ್ರೆ, ನೀರಿನ ಲೋಟ ಹಿಡಿದು ಓಡುತ್ತಾಳೆ.