ನಾಲ್ಕು ದಿನ ಫೋನ್ ಸಿಗಲ್ಲ ಅಮ್ಮ

ಮಿಷಿಗನ್‌ಗೆ ಬಂದು ಆರು ವರ್ಷ ಆಯ್ತು. ಈ ಜುಲೈನಲ್ಲಾದರೂ ಐಲ್ ರಾಯಲ್‌ಗೆ ಹೋಗಲೇಬೇಕು ಅಂತ ಹಟ ನನಗೆ. ಸುಪೀರಿಯರ್ ಸರೋವರದ ನಡುವಿನ ದ್ವೀಪ, 1940ರಿಂದ ನ್ಯಾಷನಲ್ ಪಾರ್ಕ್. ಕಾರಿಲ್ಲ, ರಸ್ತೆಯಿಲ್ಲ, ತೋಳ ಇವೆ, ಮೂಸ್ ಇವೆ. ಚಳಿಗಾಲದಲ್ಲಿ ಪೂರ್ತಿ ಬಂದ್. ಹೋಟನ್‌ನಿಂದ ಹಡಗಿನಲ್ಲಿ ಸುಮಾರು ಆರು ಗಂಟೆ. ಮಂಗಳವಾರ ಹೋದರೆ ಶನಿವಾರ ವಾಪಸ್.

ಲಿಸ್ಟ್ ಜೋರಾಗೇ ಇತ್ತು. ಟೆಂಟು, ಅವಲಕ್ಕಿ, ಚಟ್ನಿಪುಡಿ, ಒಳ್ಳೆಯ ವಾಟರ್ ಫಿಲ್ಟರ್. ಅಲ್ಲಿನ ನೀರಲ್ಲಿ ತೋಳಗಳಿಂದ ಬರುವ ಲಾಡಿಹುಳದ ಮೊಟ್ಟೆ ಇರಬಹುದು, ಮಾತ್ರೆ ಹಾಕಿದರೆ ಸಾಲದು, ಫಿಲ್ಟರ್ ಮಾಡಬೇಕು ಇಲ್ಲಾ ಕುದಿಸಬೇಕು. (ಇದನ್ನ ಅಮ್ಮನಿಗೆ ಹೇಳಿಲ್ಲ.)

ಹೇಳಲೇಬೇಕಾಗಿದ್ದು ಬೇರೆ: ಅಲ್ಲಿ ಮೊಬೈಲ್ ನೆಟ್‌ವರ್ಕ್ ನೆಚ್ಚುವಂತಿಲ್ಲ. ಹೋದ ವರ್ಷ ಅಮ್ಮನಿಗೆ ಸ್ಟೆಂಟ್ ಹಾಕಿದಾಗಿನಿಂದ ಒಂದು ದಿನವೂ ಫೋನ್ ತಪ್ಪಿಸಿಲ್ಲ. ಎರಡು ವಾರ ಮುಂದೂಡಿ, ಕೊನೆಗೆ ಭಾನುವಾರ ಹೇಳಿದೆ.

"ನಂಗೇನಾದ್ರೂ ಆದ್ರೆ ಅಂತ ತಾನೇ ನಿನ್ ಯೋಚ್ನೆ? ಅಕ್ಕ ಇಲ್ಲೇ ಇದಾಳಲ್ಲ ಮಗಾ. ಅದ್ಸರಿ, ಒಬ್ನೇ ಹೋಗ್ತಿದೀಯ, ನಿಂಗೇನಾದ್ರೂ ಆದ್ರೆ?"

ಅಷ್ಟುದ್ದದ ಲಿಸ್ಟ್‌ನಲ್ಲಿ ಇದಕ್ಕೆ ಮಾತ್ರ ಉತ್ತರ ಇರಲಿಲ್ಲ. ಅವತ್ತು ರಾತ್ರಿನೇ ಸ್ಯಾಟಲೈಟ್ ಮೆಸೆಂಜರ್ ಒಂದನ್ನು ಬಾಡಿಗೆಗೆ ಬುಕ್ ಮಾಡಿದೆ. ಅದರಲ್ಲಿ ಮೊದಲು ಹಾಕಿದ್ದು ಅಕ್ಕನ ನಂಬರ್.