ಹಸಿರು ಪೆನ್ಸಿಲು

ಕನ್ನಡ ಎಂ.ಎ. ಮಾಡಿ ಅಧ್ಯಾಪಕನಾಗುವುದಕ್ಕೆ ಮೊದಲು ನಾನು ಆಡಿಟರೊಬ್ಬರ ಕಚೇರಿಯಲ್ಲಿ ಒಂದು ವರ್ಷ ದುಡಿದವನು. ಈ ಸಂಗತಿ ಕೇಳಿದವರು ನಗುತ್ತಾರೆ. ಕಂದಪದ್ಯಕ್ಕೂ ಜಮಾಖರ್ಚಿಗೂ ಎತ್ತಣ ನಂಟು ಎಂದು ಅವರ ಬೆರಗು. ಮಾತ್ರೆ ಎಣಿಸುವುದೂ ಎಣಿಕೆಯೇ, ಮೂಟೆ ಎಣಿಸುವುದೂ ಎಣಿಕೆಯೇ ಎಂದು ನಾನು ಸಮಾಧಾನ ಹೇಳುವುದುಂಟು.

ಬಿ.ಕಾಂ. ಮುಗಿಸಿದ ಮಗ ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆಂಬುದು ತಂದೆಯವರ ಹಂಬಲ. ಅದರ ಉಮೇದುವಾರಿಕೆ ಆಗ ಮೂರು ವರ್ಷ; 2023ರಲ್ಲಿ ಎರಡಕ್ಕೆ ಇಳಿಯಿತು. ನಾವು ನೌಕರರಲ್ಲ, ಶಿಷ್ಯರು. ಆದುದರಿಂದ ಕೈಗೆ ಬರುತ್ತಿದ್ದುದು ಸಂಬಳವಲ್ಲ, ಸ್ಟೈಪೆಂಡು. ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ ಕಳೆದರೆ ತಿಂಗಳ ಕೊನೆಗೆ ಉಳಿಯುತ್ತಿದ್ದುದು ಗುರುಭಕ್ತಿಯೊಂದೇ. ವೋಚರನ್ನೂ ಲೆಡ್ಜರನ್ನೂ ತಾಳೆ ನೋಡಿ ಹಸಿರು ಪೆನ್ಸಿಲಿನಿಂದ ಗುರುತು ಹಾಕುವುದು ಹಗಲಿನ ಕೆಲಸ. ಸಂಜೆ ಟೈಮ್‌ಶೀಟು: ಯಾವ ಕಕ್ಷಿದಾರರಿಗೆ ಎಷ್ಟು ಗಂಟೆ ಸಂದಿತೆಂದು ಕಂಪ್ಯೂಟರಿಗೆ ಒಪ್ಪಿಸಬೇಕು. ಬಿಲ್ಲಿಗೆ ಹತ್ತದ ಗಂಟೆಗಳಿಗೆ ಬೇರೆಯೇ ಕಲಮು. ಅದು ಉದ್ದವಾದಂತೆ ಮೇಲಿನವರ ಹುಬ್ಬೂ ಮೇಲೇರುತ್ತಿತ್ತು.

2014ರ ಯುಗಾದಿ ಮಾರ್ಚ್ 31ರಂದೇ ಬಂದಿತು. ಪಂಚಾಂಗಕ್ಕೆ ವರ್ಷದ ಮೊದಲ ದಿನ, ಲೆಕ್ಕದ ಪುಸ್ತಕಕ್ಕೆ ಕೊನೆಯ ದಿನ. ಅಂದು ವ್ಯಾಪಾರಿಗಳ ದಾಸ್ತಾನನ್ನು ಕಣ್ಣಾರೆ ಎಣಿಸಬೇಕು. ತಾಯಿ ಬೇವುಬೆಲ್ಲದ ತಟ್ಟೆ ಹಿಡಿದು ನಿಂತಿದ್ದಂತೆಯೇ ಹೊರಟು, ಹಿರಿಯ ಸಹೋದ್ಯೋಗಿಯೊಡನೆ ರೈಲು ಹತ್ತಿ ಮಂಡ್ಯಕ್ಕೆ ಹೋದೆ. ಎಣಿಸಬೇಕಾಗಿದ್ದುದು, ವಿಧಿಯ ವಿನೋದ ನೋಡಿ, ಬೆಲ್ಲವನ್ನೇ!

ಗೋಡೌನಿನಲ್ಲಿ ಇದ್ದವರು ಗುಮಾಸ್ತರೊಬ್ಬರೇ. ಅರವತ್ತರ ಅಂಚಿನ ವಯಸ್ಸು, ಹಬ್ಬದ ಹೊಸ ಪಂಚೆ. ಪುಸ್ತಕದಲ್ಲಿ 412 ಮೂಟೆ. ಎರಡು ಸಲ ಎಣಿಸಿದರೂ ಸಿಕ್ಕಿದ್ದು 394. ಅವರು ಹಣೆ ತಿಕ್ಕಿಕೊಂಡು, "ಶನಿವಾರ ಒಂದಷ್ಟು ಮಾಲು ಹೋದ ನೆನಪು ಸ್ವಾಮಿ. ಚೀಟಿ ಹುಡುಗನ ಹತ್ತಿರ ಇರಬೇಕು. ಊಟದ ಹೊತ್ತಿಗೆ ಬರುತ್ತಾನೆ, ಕೂತುಕೊಳ್ಳಿ" ಎಂದರು. ನಮಗೋ ಸಂಜೆಯೊಳಗೆ ಇನ್ನೆರಡು ಗೋಡೌನು. ಹಿರಿಯರು ಗಡಿಯಾರ ನೋಡಿದರು. ನಾನು ಬರೆದೆ: ಹದಿನೆಂಟು ಮೂಟೆ ಕೊರತೆ, ವಿವರಣೆ ದೊರೆತಿಲ್ಲ. ಗುಮಾಸ್ತರು ಕೆಳಗೆ ರುಜು ಹಾಕಿದರು. ಹೊರಡುವಾಗ ಒಂದು ಅಚ್ಚು ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಕೊಡಬಂದರು. ಕಕ್ಷಿದಾರರಿಂದ ಏನನ್ನೂ ಸ್ವೀಕರಿಸಕೂಡದೆಂಬುದು ಕಚೇರಿಯ ನಿಯಮ, ಬೇಡವೆಂದೆ.

ಮೂರು ವಾರಗಳ ಅನಂತರ ಮತ್ತೆ ಹೋದಾಗ ಆ ಚೀಟಿ ನನ್ನ ಕೈಗೇ ಸಿಕ್ಕಿತು. ಮಾಲು ಮಾರ್ಚ್ 29ರಂದೇ ಹೊರಟಿತ್ತು. ಬಿಲ್ಲು ಮಾತ್ರ ಏಪ್ರಿಲ್ 1ರದು. ನಮ್ಮ ವಿದ್ಯೆಯಲ್ಲಿ ಇದು ಅತಿ ಸಾಮಾನ್ಯವಾದ ದೋಷ. ಮಾರಾಟವನ್ನು ಹಿಂದಿನ ವರ್ಷಕ್ಕೆ ಸೇರಿಸಿದರೆ ಮುಗಿಯಿತು. ಸೇರಿಸಿದೆವು. ಹಸಿರು ಗುರುತನ್ನೂ ಹಾಕಿದೆ. ಆದರೆ ಆ ಮೇಜಿನ ಮುಂದೆ ಬೇರೊಬ್ಬ ಯುವಕ ಕುಳಿತಿದ್ದ. ಹಳಬರೆಲ್ಲಿ ಎಂದೆ. "ಯುಗಾದಿ ಮಾರನೆಯ ದಿನವೇ ಯಜಮಾನರು ಬಿಡಿಸಿಬಿಟ್ಟರು" ಎಂದ.

ಹಿರಿಯರಿಗೆ ತಿಳಿಸಿದೆ. ಅದು ನಮ್ಮ ವರದಿಗೆ ಸೇರಿದ ವಿಷಯವಲ್ಲ ಎಂದರು. ಅವರ ಮಾತು ಸುಳ್ಳಲ್ಲ. ಯಜಮಾನರಿಗೆ ನಾನೇ ಫೋನು ಮಾಡಿದೆ. "ಹೌದೇ? ಸರಿ" ಎಂದು ಇಟ್ಟುಬಿಟ್ಟರು. ಆ ವರ್ಷವೇ ಮೈಸೂರಿಗೆ ಹೋಗಿ ಎಂ.ಎ.ಗೆ ಸೇರಿದೆ. ಲೆಕ್ಕ ತಲೆಗೆ ಹತ್ತಲಿಲ್ಲವೆಂದು ತಂದೆಯವರಿಗೆ ಹೇಳಿದೆ. ಇಂದಿಗೂ ಅವರು ಅದನ್ನೇ ನಂಬಿದ್ದಾರೆ.

ಕಳೆದ ತಿಂಗಳು ನನ್ನ ಬಿ.ಕಾಂ. ತರಗತಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಅಂಥದೇ ಒಂದು ಕಚೇರಿಗೆ ಸೇರಿದ್ದಾಳಂತೆ. ದಾಸ್ತಾನು ಎಣಿಸಲು ಹೋದಾಗ ಅಲ್ಲಿಯ ಗುಮಾಸ್ತರ ಬಳಿ ಅರ್ಧ ಗಂಟೆ ಕುಳಿತು ಮಾತನಾಡಮ್ಮ ಎಂದೆ. ಹುಡುಗಿ ಸ್ವಲ್ಪ ಯೋಚಿಸಿ ಕೇಳಿದಳು: "ಆ ಅರ್ಧ ಗಂಟೆಯನ್ನು ಯಾವ ಕಲಮಿನಲ್ಲಿ ಬರೆಯಲಿ, ಸಾರ್?"