ಸಿಂಹಪುರದಲ್ಲಿ ಒಂದು ಹಗಲು

ಮೆಲ್ಬರ್ನ್ ನಗರದಲ್ಲಿರುವ ನಮ್ಮ ಮಗಳ ಬಾಣಂತನಕ್ಕೆಂದು ಮನೆಯವರು ಎರಡು ತಿಂಗಳು ಮೊದಲೇ ಹೊರಟುಹೋಗಿದ್ದುದರಿಂದ, 2022ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ನಾವು ಒಬ್ಬರೇ ಸಮುದ್ರಗಳನ್ನು ದಾಟಬೇಕಾಗಿ ಬಂದಿತು. ನಮ್ಮ ವಿಮಾನವು ಬೆಳಗಿನ ಜಾವಕ್ಕೆ ಸಿಂಗಪುರದಲ್ಲಿ ಇಳಿಸಿ, ರಾತ್ರಿಯ ಇನ್ನೊಂದು ವಿಮಾನಕ್ಕೆ ನಮ್ಮನ್ನು ಒಪ್ಪಿಸತಕ್ಕದ್ದಾಗಿತ್ತು. ನಡುವೆ ಒಂದು ಇಡೀ ಹಗಲು. "ಮಾವನವರೇ, ಎಲ್ಲಿಗೂ ಹೋಗಬೇಡಿ. ವಿಮಾನ ನಿಲ್ದಾಣದಲ್ಲಿಯೇ ಜಲಪಾತವಿದೆ, ತೋಟವಿದೆ, ಅದನ್ನು ನೋಡಿಕೊಂಡು ಕುಳಿತಿರಿ" ಎಂದು ಅಳಿಯಂದಿರು ದೂರವಾಣಿಯಲ್ಲಿ ಎಚ್ಚರಿಸಿದ್ದರು. ಜಲಪಾತವನ್ನೂ ನೋಡಿದೆವು. ಗಾಜಿನ ಮಾಳಿಗೆಯ ನಡುವಿನಿಂದ 40 ಮೀಟರುಗಳಷ್ಟು ಕೆಳಕ್ಕೆ ನೀರು ಬೀಳುತ್ತದೆ. ಜೋಗವನ್ನು ಕಂಡ ಕಣ್ಣಿಗೆ ಅದರಲ್ಲಿ ಎಣಿಸಿ ಸುರಿದ ನೀರಿನ ಅಚ್ಚುಕಟ್ಟು ಕಂಡಿತೇ ಹೊರತು ಮತ್ತೇನೂ ಕಾಣಲಿಲ್ಲ. ಕಾಲು ಗಂಟೆಯಲ್ಲಿ ಅದು ಮುಗಿಯಿತು.

ನಿಜವಾಗಿ ನಮಗೆ ಆ ಊರಿನಲ್ಲಿ ನೋಡಬೇಕಾಗಿದ್ದುದು ಒಂದೇ ಒಂದು ವಸ್ತು. ಅದು ಒಂದು ಒಡೆದ ಕಲ್ಲು. ಈ ಮಾತನ್ನು ಅಳಿಯಂದಿರಿಗೆ ಹೇಳಿರಲಿಲ್ಲ.

ನಿಲ್ದಾಣದಿಂದ ಪಟ್ಟಣಕ್ಕೆ ರೈಲುಂಟು. ಮೊದಲು 'ತಾನಾ ಮೇರಾ' ಎಂಬಲ್ಲಿ ಗಾಡಿ ಬದಲಿಸಬೇಕು. ಮಲಯ ಭಾಷೆಯಲ್ಲಿ ಇದಕ್ಕೆ ಕೆಂಪು ಮಣ್ಣೆಂದು ಅರ್ಥ. ಗಾಡಿಯಲ್ಲಿ ಸ್ಥಳ ದೊರೆತೊಡನೆ ಹಸಿವಿನ ನೆನಪಾಗಿ, ತಂಗಿ ಕಟ್ಟಿಕೊಟ್ಟಿದ್ದ ಕೋಡುಬಳೆಯ ಗಂಟನ್ನು ಬಿಚ್ಚಿ ಒಂದನ್ನು ಬಾಯಿಗಿಟ್ಟೆವು. ಎದುರು ಕುಳಿತಿದ್ದ ವೃದ್ಧ ಚೀನೀ ಮಹಿಳೆಯೊಬ್ಬರು ಮುಗುಳ್ನಕ್ಕು, ಏನೂ ಮಾತನಾಡದೆ, ಗೋಡೆಯ ಫಲಕವನ್ನು ಬೆರಳಿನಿಂದ ತೋರಿಸಿದರು. ಗಾಡಿಯಲ್ಲಿ ತಿಂದರೆ 500 ಡಾಲರುಗಳವರೆಗೆ ದಂಡ! ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಮಕ್ಕಳಿಗೆ ಶಿಸ್ತನ್ನು ಬೋಧಿಸಿದ ನಾವು ಬಾಯಲ್ಲಿದ್ದ ಅರ್ಧ ಕೋಡುಬಳೆಯನ್ನು ಅಗಿಯಲೂ ಆರದೆ ಉಗುಳಲೂ ಆರದೆ ಮುಂದಿನ ನಿಲ್ದಾಣದವರೆಗೆ ಮೌನವ್ರತವನ್ನು ಹಿಡಿದೆವು.

ಈ ದೇಶದಲ್ಲಿ ಇಂಗ್ಲಿಷು, ಮಲಯ, ಚೀನೀ, ತಮಿಳು ಎಂಬ ನಾಲ್ಕು ಭಾಷೆಗಳಿಗೆ ರಾಜಭಾಷೆಯ ಪದವಿಯುಂಟು. ಮಲಯ ಭಾಷೆ ನಮಗೆ ಬಾರದು. ಆದರೂ ಸಂಸ್ಕೃತವನ್ನು ಓದಿದವನಿಗೆ ಅದರಲ್ಲಿ ನೆಂಟರು ಅಲ್ಲಲ್ಲಿ ಕೈಬೀಸುತ್ತಾರೆ. ಭಾಷೆಗೆ 'ಬಹಾಸ', ಉಪಾಧ್ಯಾಯನಿಗೆ 'ಗುರು', ತಲೆಗೆ 'ಕಪಾಲ'ದಿಂದ ಬಂದ 'ಕೆಪಾಲ', ಗಾಜಿಗೆ 'ಕಾಚ'. ಊರಿನ ಹೆಸರೂ ಹಾಗೆಯೇ. ಪಾಲೆಂಬಾಂಗಿನಿಂದ ಬಂದ ಸಾಂಗ್ ನೀಲ ಉತ್ತಮನೆಂಬ ರಾಜಕುಮಾರನು ಇಲ್ಲಿ ಒಂದು ವಿಚಿತ್ರ ಮೃಗವನ್ನು ಕಂಡು, ಅದು ಸಿಂಹವೆಂದು ಕೇಳಿ, ಊರಿಗೆ ಸಿಂಹಪುರವೆಂದು ಹೆಸರಿಟ್ಟನೆಂದು ಮಲಯರ ಐತಿಹ್ಯ. ಆ ದ್ವೀಪದ ಕಾಡಿನಲ್ಲಿ ಸಿಂಹಗಳಿರಲಿಲ್ಲ. ರಾಜಕುಮಾರನು ಕಂಡದ್ದು ಹುಲಿಯಾಗಿದ್ದಿರಬಹುದು. ಹೆಸರು ಮಾತ್ರ ಉಳಿಯಿತು.

ಸಿಟಿ ಹಾಲ್ ಎಂಬಲ್ಲಿ ಇಳಿದು ಮೇಲೆ ಬರಲಾಗಿ ಹಸಿರು ಬಯಲಿನ ನಡುವೆ ಸುಣ್ಣದಂತೆ ಬೆಳ್ಳಗಿರುವ ಒಂದು ದೊಡ್ಡ ಇಗರ್ಜಿ ಎದುರಾಯಿತು. ಇದು ಸಂತ ಆಂಡ್ರೂವಿನ ದೇವಾಲಯ, 1862ರಲ್ಲಿ ಪ್ರತಿಷ್ಠೆಯಾದುದು. ಇದನ್ನು ಕಟ್ಟಿದವರು ನಮ್ಮ ದೇಶದಿಂದ ಕಡಲಾಚೆಗೆ ಶಿಕ್ಷೆಗೆ ಕಳುಹಿಸಲ್ಪಟ್ಟ ಕೈದಿಗಳು. ಒಳಗಣ ಗೋಡೆಯ ಗಾರೆಯ ಪಾಕವನ್ನು ಗೃಹಿಣಿಯರು ಕೇಳತಕ್ಕದ್ದು: ಚಿಪ್ಪಿನ ಸುಣ್ಣ, ಕೋಳಿಮೊಟ್ಟೆಯ ಬಿಳಿಭಾಗ, ಒರಟು ಸಕ್ಕರೆ ಇವನ್ನು ಹದವಾಗಿ ಅರೆದು, ತೆಂಗಿನ ಸಿಪ್ಪೆ ನೆನೆದ ನೀರಿನಲ್ಲಿ ಕಲಸಿ, ಗೋಡೆಗೆ ಬಳಿದು, ಒಣಗಿದ ಮೇಲೆ ನುಣ್ಣನೆಯ ಕಲ್ಲಿನಿಂದ ತಿಕ್ಕಿ ಹೊಳಪು ಬರಿಸಿದರಂತೆ. ಗೋಡೆಯ ಮೇಲೆ ಕೈಯಿಟ್ಟು ನೋಡಿದೆವು. ತಣ್ಣಗಿತ್ತು. ಯಾವ ತಪ್ಪಿಗೆ ಯಾರ ಮನೆಯ ಮಕ್ಕಳು ಇಲ್ಲಿಗೆ ಬಂದು ಇದನ್ನು ತಿಕ್ಕಿದರೋ! ಅವರ ಹೆಸರುಗಳು ಗೋಡೆಯ ಮೇಲಿಲ್ಲ.

ಅಲ್ಲಿಂದ ಸ್ಟ್ಯಾಮ್‌ಫೋರ್ಡ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1887ರಲ್ಲಿ ತೆರೆದ ಗುಮ್ಮಟದ ಕಟ್ಟಡ. ಪಕ್ಕದ ಬೀದಿಯ ಹೆಸರು 'ಬ್ರಾಸ್ ಬಾಸಾ', ಒದ್ದೆ ಅಕ್ಕಿ ಎಂದರ್ಥ. ಇನ್ನೂ ಆಚೆಗೆ ನಮ್ಮ ಅಗಸರು ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ 'ದೋಬಿ ಘಾಟ್'. ಇಂದು ಅದು ಭೂಗರ್ಭದ ರೈಲುನಿಲ್ದಾಣದ ಹೆಸರು. ಗಗನಚುಂಬಿಗಳ ಊರೆಂದು ಲೋಕ ಹೊಗಳುವ ಈ ಪಟ್ಟಣದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇಂತಹ ಹೆಸರುಗಳೇ. ಕಟ್ಟಡಗಳು ಎತ್ತರವಾಗಿವೆ, ಬೀದಿಗಳು ಗುಡಿಸಿದಂತಿವೆ. ಅದನ್ನು ಬಲ್ಲವರು ಬಹಳ ಮಂದಿ ಬರೆದಿದ್ದಾರೆ.

ಇನ್ನು ಆ ಕಲ್ಲಿನ ಮಾತು. 1819ರಲ್ಲಿ ಸ್ಟ್ಯಾಮ್‌ಫೋರ್ಡ್ ರಾಫಲ್ಸ್ ಎಂಬ ಆಂಗ್ಲ ಅಧಿಕಾರಿಯು ಇಲ್ಲಿ ಕೋಠಿಯನ್ನು ಸ್ಥಾಪಿಸಿದ ಕೆಲವೇ ತಿಂಗಳಲ್ಲಿ, ಹೊಳೆಯ ಮುಖದ ಬಳಿ ಕಾಡು ಕಡಿಯುತ್ತಿದ್ದ ಕೂಲಿಗಳಿಗೆ ಹತ್ತು ಅಡಿಗಳಷ್ಟು ಎತ್ತರದ ಮರಳುಗಲ್ಲಿನ ಬಂಡೆಯೊಂದು ಕಂಡಿತು. ಅದರ ಮೇಲೆ ಐವತ್ತು ಸಾಲುಗಳಷ್ಟು ಬರಹವಿತ್ತು. ನೋಡಬಂದವರು ಹಲವರು. ಮುನ್ಷಿ ಅಬ್ದುಲ್ಲಾ ಎಂಬ ಮಲಯ ಭಾಷೆಯ ಉಪಾಧ್ಯಾಯರು ತಮ್ಮ ಆತ್ಮಚರಿತ್ರೆಯಲ್ಲಿ ಇದನ್ನು ವಿವರಿಸಿದ್ದಾರೆ. ಕೆಲವರು ಅಕ್ಷರಗಳ ಮೇಲೆ ಮೆತ್ತನೆಯ ಹಿಟ್ಟನ್ನು ಒತ್ತಿ ಅಚ್ಚು ತೆಗೆದು ನೋಡಿದರಂತೆ. ಯಾರಿಗೂ ಓದಲಾಗಲಿಲ್ಲ. 1843ರಲ್ಲಿ, ಹೊಳೆಯ ಮುಖವನ್ನು ಅಗಲಮಾಡಬೇಕೆಂದು ಅದಕ್ಕೆ ಮದ್ದಿಟ್ಟು ಸಿಡಿಸಿದರು. ಜೇಮ್ಸ್ ಲೋ ಎಂಬ ಸೇನಾಧಿಕಾರಿಯು ಚೂರುಗಳಲ್ಲಿ ಕೆಲವನ್ನು ಆಯ್ದು ಕಲ್ಕತ್ತೆಗೆ ಕಳುಹಿಸಿದನು. 1918ರ ಸುಮಾರಿಗೆ ಒಂದು ಚೂರು ಹಿಂದಿರುಗಿ ಬಂದಿತು. ಈಗ ಉಳಿದಿರುವುದು ಅದು.

ಮೂರಡಿಯೊಳಗಿನ ಆ ಚೂರಿನ ಮುಂದೆ ನಾವು ಮುಕ್ಕಾಲು ಗಂಟೆ ನಿಂತೆವು. ಅಕ್ಷರಗಳು ದುಂಡಾಗಿ, ಒಂದಕ್ಕೊಂದು ತಾಗಿದಂತೆ, ಮಳೆಗೆ ಸವೆದಿವೆ. 2019ರಲ್ಲಿ ಇಯಾನ್ ಸಿಂಕ್ಲೇರ್ ಎಂಬ ವಿದ್ವಾಂಸರು ಇದರಲ್ಲಿ 'ಕೇಸರಿವ' ಎಂಬಷ್ಟನ್ನು ಗುರುತಿಸಬಹುದೆಂದೂ, ಅದು ಚೋಳರ 'ಪರಕೇಸರಿವರ್ಮ' ಎಂಬ ಬಿರುದಿನ ಭಾಗವಾಗಿರಬಹುದೆಂದೂ ಸೂಚಿಸಿದ್ದಾರೆ. ರಾಜೇಂದ್ರಚೋಳನ ನೌಕೆಗಳು ಶ್ರೀವಿಜಯದ ಮೇಲೆ ನಡೆದದ್ದು 1025ರಲ್ಲಿ. ಈ ಓದು ಇನ್ನೂ ನಿಶ್ಚಯವಾಗಿಲ್ಲ. ಆದರೂ ಕೇಸರಿ ಎಂದರೆ ಸಿಂಹವಲ್ಲವೇ! ಕನ್ನಡಕವನ್ನು ಒರೆಸಿ ಒರೆಸಿ ಹುಡುಕಿದೆವು. ಒಂದೆಡೆ 'ಕ'ಕಾರದಂತೆ ಕಂಡಿತು, ಇನ್ನೊಮ್ಮೆ ನೋಡಲಾಗಿ ಬರಿಯ ಬಿರುಕು. ಬಾಗಿಲಲ್ಲಿ ಕಾವಲಿದ್ದ ತಮಿಳರೊಬ್ಬರು ಬಳಿಗೆ ಬಂದು, "ಐಯಾ, ನಿಮಗೆ ಓದಲು ಬರುತ್ತದೆಯೇ?" ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ಇಲ್ಲವೆಂದೆವು. "ಬಂದವರೆಲ್ಲ ನಿಂತು ನೋಡಿ ಹೋಗುತ್ತಾರೆ" ಎಂದು ಅವರು ಸಮಾಧಾನ ಹೇಳಿದರು.

ಆ ಮಾತು ಸಮಾಧಾನವಾಗಲಿಲ್ಲ. 1988ರಲ್ಲಿ ನಾವು ಉಪಾಧ್ಯಾಯರಾಗಿ ಮೊದಲು ಸೇರಿದ ಊರಿನಲ್ಲಿ, ಕೆರೆಯ ಕೋಡಿಯ ಬಳಿ ಒಂದು ಶಾಸನದ ಕಲ್ಲು ಒರಗಿಕೊಂಡಿತ್ತು. ಮೇಲೆ ಸೂರ್ಯಚಂದ್ರರು, ಹಸು ಮತ್ತು ಕರು, ಕೆಳಗೆ ಹದಿನೈದಿಪ್ಪತ್ತು ಸಾಲು ಹಳಗನ್ನಡದ ಬರಹ. ಮೊದಲಿನ 'ಸ್ವಸ್ತಿ' ಎಂಬುದನ್ನು ಓದಿ ಹಿಗ್ಗಿದೆವು. ರೈಸ್ ಸಾಹೇಬರ ಶಾಸನ ಸಂಪುಟವನ್ನು ತರಿಸಿ ಹುಡುಕಲಾಗಿ, ಆ ಕಲ್ಲು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನ ಭಾನುವಾರ ತೊಳೆದು ಪ್ರತಿ ಮಾಡಿಕೊಳ್ಳೋಣವೆಂದುಕೊಂಡೆವು. ಪರೀಕ್ಷೆ ಬಂದಿತು, ಮದುವೆಯ ಮಾತು ಬಂದಿತು. ಅಷ್ಟರಲ್ಲಿ ಊರಿನವರು ಕೆರೆಯ ಪಕ್ಕದಲ್ಲಿ ಒಂದು ಕಟ್ಟಡಕ್ಕೆ ತಳಪಾಯ ತೆಗೆದರು. ಸಂಸ್ಕೃತ ಬಲ್ಲ ಮೇಷ್ಟ್ರೆಂದು ನಮ್ಮಿಂದಲೇ ಸ್ವಸ್ತಿವಾಚನವನ್ನು ಹೇಳಿಸಿದರು. ಬೇಸಗೆಯ ರಜೆ ಕಳೆದು ಬಂದು ನೋಡಿದರೆ ಕೋಡಿಯ ಬಳಿ ಕಲ್ಲಿಲ್ಲ. "ಒಳ್ಳೇ ಗಟ್ಟಿ ಕಲ್ಲು ಸ್ವಾಮಿ, ಮೂರು ತುಂಡಾಯ್ತು, ಮೂಲೆಗೆ ಹಾಕಿದೆ" ಎಂದು ಗಾರೆಯವನು ಸಂತೋಷದಿಂದ ಹೇಳಿದನು. ಅವನಲ್ಲಿ ತಪ್ಪು ಹುಡುಕುವುದು ಹೇಗೆ? ಅದು ಏನೆಂದು ಊರಿನಲ್ಲಿ ಬಲ್ಲವರಾಗಿದ್ದವರು ನಾವೊಬ್ಬರೇ. ನಾವು ಯಾರಿಗೂ ಹೇಳಿರಲಿಲ್ಲ.

ಹೊರಗೆ ಬಂದು, ಸಂಗ್ರಹಾಲಯದ ಹಿಂದಿನ ಫೋರ್ಟ್ ಕ್ಯಾನಿಂಗ್ ಗುಡ್ಡದ ಬುಡದಲ್ಲಿ ಕುಳಿತು ಉಳಿದ ಕೋಡುಬಳೆಗಳನ್ನು ದಂಡದ ಭಯವಿಲ್ಲದೆ ತಿಂದೆವು. ಹಿಂದಿನ ಅರಸರ ವಾಸಸ್ಥಾನವೆಂದು ಮಲಯರು ಹತ್ತಲು ಅಂಜುತ್ತಿದ್ದ ಗುಡ್ಡವಿದು. 1928ರಲ್ಲಿ ಇಲ್ಲಿ ನೀರಿನ ತೊಟ್ಟಿಗೆ ಅಗೆಯುವಾಗ ಚಿನ್ನದ ಒಡವೆಗಳು ಸಿಕ್ಕಿದವು. ಅವುಗಳಲ್ಲಿ ಒಂದು ತೋಳಬಂದಿಯ ಮೇಲೆ ಕಾಲಮುಖವಿದೆ. ನಮ್ಮ ಹೊಯ್ಸಳರ ಗುಡಿಗಳಲ್ಲಿ ದೇವರ ತಲೆಯ ಮೇಲೆ ಕಾಣುವ ಸಿಂಹಲಲಾಟದ ಸೋದರ ಅದು. ಕಾಡಿನಲ್ಲಿಲ್ಲದ ಸಿಂಹ ಯಾರದೋ ತೋಳಿನಲ್ಲಿತ್ತು!

ಮಧ್ಯಾಹ್ನ ಒಂದು ಮಳೆ ಹೊಯ್ದು ನಿಂತಿತು. ಹೊಳೆಯ ದಂಡೆಯನ್ನು ಹಿಡಿದು ಕಲ್ಲಿದ್ದ ಸ್ಥಳವನ್ನು ಹುಡುಕುತ್ತ ನಡೆದೆವು. ಮುಖದ ಬಳಿ 1928ರ ಕಂಬಸಾಲಿನ ದೊಡ್ಡ ಕಟ್ಟಡವಿದೆ. ಮೊದಲು ಪ್ರಧಾನ ಅಂಚೆಕಚೇರಿಯಾಗಿದ್ದು ಈಗ ಹೋಟೆಲು. ಇದರ ಆಸುಪಾಸಿನಲ್ಲಿಯೇ ಆ ಬಂಡೆ ನಿಂತಿದ್ದಿರಬೇಕು. ಈಗ ಅಲ್ಲಿ ಬಂಡೆಯ ನೆಲೆಯೂ ಇಲ್ಲ, ಸಮುದ್ರವೂ ಇಲ್ಲ. ಕಡಲನ್ನು ತುಂಬಿ ನೆಲ ಮಾಡಿ, 2008ರಲ್ಲಿ ಅಡ್ಡಗಟ್ಟೆಯನ್ನು ಹಾಕಿ, ಕೊಲ್ಲಿಯನ್ನು ಸಿಹಿನೀರಿನ ಕೆರೆಯನ್ನಾಗಿ ಮಾಡಿದ್ದಾರೆ. ಕುಡಿಯುವ ನೀರಿಗೆ ನೆರೆಯ ದೇಶವನ್ನು ಆಶ್ರಯಿಸಿದ ಊರು ಹೀಗೆ ಮಾಡಿದ್ದರಲ್ಲಿ ವಿವೇಕವಿದೆ. ದಡದಲ್ಲಿ 1972ರ ಒಂದು ಬಿಳಿಯ ಪ್ರತಿಮೆ, ಸಿಂಹದ ತಲೆ, ಮೀನಿನ ಬಾಲ. ಬಾಯಿಂದ ನೀರು ಸುರಿಯುತ್ತಿರುತ್ತದೆ. ಎಲ್ಲರೂ ಅದರ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಹುಡುಗನು ನಮ್ಮದನ್ನೂ ತೆಗೆದುಕೊಟ್ಟನು. ಕತ್ತಲಾಗುವ ಮೊದಲು ರೈಲು ಹತ್ತಿದೆವು.

ಮರುದಿನ ಮೆಲ್ಬರ್ನಿನಲ್ಲಿ, ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮನೆಯವರು, "ಸಿಂಗಪುರದಲ್ಲಿ ಏನು ನೋಡಿದಿರಿ?" ಎಂದು ಕೇಳಿದರು. ಕಲ್ಲಿನ ಸಂಗತಿಯನ್ನು ಹೇಳಿದೆವು.

"ಕಲ್ಲು ನೋಡುವುದಕ್ಕೆ ಸಮುದ್ರ ದಾಟಬೇಕಿತ್ತೇ? ನಮ್ಮ ಕಡೆ ಅಂಥ ಕಲ್ಲಿರಲಿಲ್ಲವೇ?"

"ಇತ್ತು" ಎಂದೆವು. ಮತ್ತೆ ಆಕೆಗೆ ಆ ಊರಿನ ಕೆರೆಕೋಡಿಯ ಕಥೆಯನ್ನು, ಮದುವೆಯಾದ ಇಷ್ಟು ವರ್ಷಗಳ ಮೇಲೆ, ಮೊದಲ ಸಲ ಹೇಳಿದೆವು.